ಕದ್ದವನು ಮಗ, ಹೇಳಿಕೊಟ್ಟವಳು ತಾಯಿ

ಕಳೆದ ದೀಪಾವಳಿಯ ರಾತ್ರಿ ನಮ್ಮ ಮನೆಯಲ್ಲಿ ಒಂದು ಕಳ್ಳತನ ನಡೆಯಿತು. ಕದ್ದವನು ನನ್ನ ಮಗ. ಕದಿಯಲು ಹೇಳಿದವಳು ನಾನು!

ಗಾಬರಿಯಾಗಬೇಡಿ, ಸಹೋದರಿಯರೇ. ಪೊಲೀಸರವರೆಗೆ ಹೋಗುವ ವಿಷಯವಲ್ಲ. ನಡೆದದ್ದು ಲ್ಯಾಪ್‌ಟಾಪಿನ ಪರದೆಯ ಮೇಲೆ, ಒಂದು ಆಟದಲ್ಲಿ. ಆದರೂ ನಿಮ್ಮ ಮುಂದೆ ಹೇಳಿಕೊಳ್ಳಬೇಕೆನಿಸಿದೆ. ಏಕೆಂದರೆ ಆ ಕಳ್ಳತನ ಆಟದಲ್ಲೇ ಮುಗಿಯಲಿಲ್ಲ. ಯಾರಿಗೂ ಗೊತ್ತಿಲ್ಲವೆಂದು ಐದು ವರ್ಷ ನಾನು ಮುಚ್ಚಿಟ್ಟುಕೊಂಡಿದ್ದ ಒಂದು ಮಾತನ್ನು ಅದು ಹೊರಗೆಳೆಯಿತು.

ನಮ್ಮದು ಅಫಜಲಪುರ ತಾಲ್ಲೂಕಿನ ಸೊನ್ನ. ಭೀಮಾ ನದಿಯ ಬ್ಯಾರೇಜು ಇರುವುದರಿಂದ ಮಳೆಗಾಲದಲ್ಲಿ ನಮ್ಮ ಊರ ಹೆಸರು ಪೇಪರಿನಲ್ಲಿ ಬರುತ್ತದೆ. ಉಳಿದ ದಿನ ಯಾರೂ ಕೇಳುವುದಿಲ್ಲ. ನನ್ನ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ಮಗ ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾನೆ. ಹಬ್ಬಕ್ಕೆ ಬಂದವನು ಬಟ್ಟೆಯ ಗಂಟಿನ ಜೊತೆ ಯಾರಿಂದಲೋ ಕೊಂಡ ಹಳೆಯ ಲ್ಯಾಪ್‌ಟಾಪು ತಂದಿದ್ದ. ರಾತ್ರಿ ಊಟವಾದ ಮೇಲೆ ಅದನ್ನು ತೆರೆದು ಕೂತ.

ಆಟವೆಂದರೆ ನನಗೆ ಮೊದಲಿನಿಂದಲೂ ಸಿಟ್ಟು. ಮೊಬೈಲಿನಲ್ಲಿ ರಮ್ಮಿ ಆಡಿ ಮನೆ ಮುಳುಗಿಸಿದವರ ಸುದ್ದಿ ನೀವೂ ಕೇಳಿರುತ್ತೀರಿ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ತಂದಾಗ, ನಮ್ಮ ಓಣಿಯಲ್ಲಿ ಹೆಚ್ಚು ಸಂತೋಷಪಟ್ಟವಳು ನಾನೇ ಇರಬೇಕು. ಹಾಗಾಗಿ ಕರ್ಚಿಕಾಯಿಯ ಹೂರಣ ಬಗಲಲ್ಲಿಟ್ಟುಕೊಂಡು ಅವನ ಪಕ್ಕದಲ್ಲೇ ಹೋಗಿ ಕೂತೆ. ಕೈಗೆ ಕೆಲಸ, ಕಣ್ಣಿಗೆ ಕಾವಲು!

"ಏನ್ ಆಟ ಇದು? ದುಡ್ಡು ಕಟ್ಟೀ ಏನು?" ಅಂದೆ.

"ಇಲ್ಲವಾ. ಇದು ಪಾತ್ರ ಹಾಕೋ ಆಟ ಇದ್ದಂಗ" ಅಂದ.

ಪಾತ್ರ ಹಾಕುವುದೆಂದರೆ ನನಗೆ ಗೊತ್ತಿರುವುದು ಬಯಲಾಟ. ನನ್ನ ತವರಿನಲ್ಲಿ ಕಾಕಾ ದ್ರೌಪದಿ ವಸ್ತ್ರಾಪಹರಣದ ಆಟದಲ್ಲಿ ದುಶ್ಶಾಸನನ ಪಾತ್ರ ಹಾಕುತ್ತಿದ್ದರು. ಮನೆಯಲ್ಲಿ ಕಾಕಾನಂಥ ಮೆದು ಮನುಷ್ಯನಿಲ್ಲ. ಆದರೆ ಆಟದ ರಾತ್ರಿ ಅವರು ಸೀರೆಗೆ ಕೈ ಹಾಕಿದರೆ ಹೆಂಗಸರು ನೆಲಕ್ಕೆ ಬಡಿದು ಶಾಪ ಹಾಕುತ್ತಿದ್ದರು. ಬೆಳಗಾದ ಮೇಲೆ ಕಾಕಾ ದ್ರೌಪದಿಯ ಪಾತ್ರ ಹಾಕಿದ ಹುಡುಗನ ಕೈ ಹಿಡಿದು, "ಜೋರಾಗಿ ಎಳೆದೆನೇನೋ ತಮ್ಮಾ?" ಎಂದು ಕೇಳುತ್ತಿದ್ದರು. ಎಷ್ಟು ವರ್ಷ ಪಾತ್ರ ಹಾಕಿದರೂ ದುಶ್ಶಾಸನನಿಗೆ ಬೇರೆ ದಾರಿಯಿಲ್ಲ. ಮಾಸ್ತರರು ಕಲಿಸಿದ ಮಾತೇ ಆಡಬೇಕು, ಸೀರೆ ಎಳೆಯಲೇಬೇಕು.

ಮಗ ಹೇಳಿದ್ದು ಇಷ್ಟು: ರೋಲ್ ಪ್ಲೇಯಿಂಗ್ ಗೇಮ್ ಎಂಬ ಜಾತಿಯ ಆಟಗಳಲ್ಲಿ ಪಾತ್ರ ನಿಮ್ಮದು, ಮಾತೂ ನಿಮ್ಮದು. ಎದುರಿಗೆ ಒಬ್ಬ ನಿಂತು ಏನೋ ಕೇಳುತ್ತಾನೆ. ಎರಡೋ ಮೂರೋ ಉತ್ತರ ಪರದೆಯ ಮೇಲೆ ಬರುತ್ತವೆ. ನೀವು ಒಂದನ್ನು ಆರಿಸಬೇಕು. ಆರಿಸಿದಂತೆ ಕಥೆ ಹೊರಳುತ್ತದೆ. ದುಶ್ಶಾಸನ ಬೇಕಾದರೆ ಸೀರೆ ಬಿಟ್ಟು ಸಭೆಯಿಂದ ಎದ್ದು ಹೋಗಬಹುದು! ಅವನು ಅಂದು ಆಡುತ್ತಿದ್ದದ್ದು ಪೂರ್ತಿ ಆ ಜಾತಿಯದಲ್ಲವಂತೆ, ಅದರ ಅಕ್ಕಪಕ್ಕದ್ದು. ಹೆಸರು 'ದಿಸ್ ವಾರ್ ಆಫ್ ಮೈನ್'. 2014ರಲ್ಲಿ ಪೋಲೆಂಡ್ ದೇಶದ 11 ಬಿಟ್ ಸ್ಟುಡಿಯೋಸ್ ಎಂಬ ಕಂಪನಿ ಮಾಡಿದ್ದು. 2020ರಲ್ಲಿ ಅಲ್ಲಿಯ ಸರ್ಕಾರ ಹೈಸ್ಕೂಲು ಮಕ್ಕಳ ಶಿಫಾರಸು ಓದಿನ ಪಟ್ಟಿಗೆ ಈ ಆಟವನ್ನು ಸೇರಿಸುವುದಾಗಿ ಹೇಳಿತಂತೆ. ಆಟವನ್ನು ಪಾಠ ಮಾಡುವವರೂ ಇದ್ದಾರಲ್ಲ ಎಂದು ನನಗೆ ನಗು ಬಂತು. ಆಗಿನ್ನೂ ಪಾಠ ಶುರುವಾಗಿರಲಿಲ್ಲ.

ಇದು ಯುದ್ಧದ ಆಟ. ಆದರೆ ಸಿಪಾಯಿಯ ಪಾತ್ರವಲ್ಲ. ಯುದ್ಧದ ನಡುವೆ ಸಿಕ್ಕಿಬಿದ್ದ ನಮ್ಮ ನಿಮ್ಮಂಥವರದು. ಬೋಸ್ನಿಯಾ ದೇಶದ ಸರಾಯೆವೋ ನಗರವನ್ನು 1992ರಿಂದ 1996ರವರೆಗೆ, ಸುಮಾರು ನಾಲ್ಕು ವರ್ಷ, ಸೈನ್ಯ ಸುತ್ತುವರಿದಿತ್ತು. ಒಳಗಿದ್ದ ಜನ ಅನ್ನ, ನೀರು, ಉರುವಲಿಗೆ ಪಟ್ಟ ಪಾಡೇ ಇದಕ್ಕೆ ಆಧಾರ. ಗೊಂಬೆಮನೆಯ ಮುಂಗೋಡೆ ತೆಗೆದಿಟ್ಟಂತೆ ಒಂದು ಮುರುಕು ಮನೆ ಕಾಣುತ್ತದೆ, ಎಲ್ಲ ಮಸಿಯಲ್ಲಿ ಬರೆದ ಹಾಗೆ. ಒಳಗೆ ಮೂರು ಜನ. ಬ್ರೂನೋ ಅಡಿಗೆಯವನು, ಕಾತ್ಯಾ ಪತ್ರಿಕೆಯಲ್ಲಿದ್ದವಳು, ಪಾವ್ಲೆ ಫುಟ್‌ಬಾಲ್ ಆಡುತ್ತಿದ್ದವನು. ಹಗಲು ಹೊರಗೆ ಕಾಲಿಟ್ಟರೆ ಗುಂಡು; ಮನೆಯಲ್ಲೇ ಒಲೆ ಕಟ್ಟಬೇಕು, ಮಂಚ ಜೋಡಿಸಬೇಕು, ಇದ್ದದ್ದರಲ್ಲಿ ಬೇಯಿಸಬೇಕು. ರಾತ್ರಿ ಒಬ್ಬರು ಹೋಗಿ ಪಾಳು ಮನೆಗಳಲ್ಲಿ ಸಿಕ್ಕದ್ದನ್ನು ಹೊತ್ತು ತರಬೇಕು. ಎಷ್ಟು ಕಟ್ಟಿಗೆ ಉಳಿದಿದೆ, ಯಾರು ಎರಡು ದಿನದಿಂದ ಉಂಡಿಲ್ಲ ಎಂಬ ಲೆಕ್ಕ. ಇದನ್ನು ಗಂಡಸರು ಆಟ ಎನ್ನುತ್ತಾರೆ. ನಾವು ಮದುವೆಯಾದ ದಿನದಿಂದ ಮಾಡುತ್ತಿದ್ದೇವೆ.

ಕಾತ್ಯಾ ಜ್ವರದಲ್ಲಿ ಬಿದ್ದಿದ್ದಳು. ಮನೆಯಲ್ಲಿ ಔಷಧಿಯಿಲ್ಲ. ರಾತ್ರಿ ಪಾವ್ಲೆಯನ್ನು ಹೊರಡಿಸಿಕೊಂಡು ಮಗ ಒಂದು ಮನೆ ಹೊಕ್ಕ. ಅದು ಪಾಳು ಮನೆಯಲ್ಲ. ಒಬ್ಬ ಮುದುಕ, ಅವನ ಮುದುಕಿ. ಕಪಾಟಿನಲ್ಲಿ ಔಷಧಿಯೂ ಇದೆ, ಕಾಳುಕಡಿಯೂ ಇದೆ. ಮುದುಕನ ಕೈಯಲ್ಲಿ ಬಂದೂಕಿಲ್ಲ, ಬಡಿಗೆಯಿಲ್ಲ. ಹಿಂದೆ ಹಿಂದೆ ಬಂದು ಬೇಡಿಕೊಳ್ಳುತ್ತಾನೆ, ಅಷ್ಟೆ.

ಮಗನ ಕೈ ನಿಂತಿತು. "ಏನ್ ಮಾಡ್ಲವಾ?"

ನಾನು ಕರ್ಚಿಕಾಯಿ ಮಡಿಚುತ್ತಲೇ ಹೇಳಿದೆ: "ತಗೊಂಡು ಬಾ. ಮನ್ಯಾಗ ಒಬ್ಬಾಕಿ ಜ್ವರದಾಗ ಬಿದ್ದಾಳ, ಇನ್ನಿಬ್ರು ಹಸ್ದು ಕುಂತಾರ. ಮೊದ್ಲು ನಿನ್ನ ಮನಿ ನೋಡ್ಕೋ."

ತೆಗೆದುಕೊಂಡು ಬಂದ. ಕಾತ್ಯಾಳ ಜ್ವರ ಇಳಿಯಿತು. ಪೊಲೀಸರು ಬರಲಿಲ್ಲ, ಅಂಕ ಕಡಿಮೆಯಾಗಲಿಲ್ಲ, ತಪ್ಪು ಮಾಡಿದೆ ಎಂದು ಗಂಟೆ ಬಾರಿಸಲಿಲ್ಲ. ಪಾವ್ಲೆ ಮಾತ್ರ ಮರುದಿನ ತಲೆ ತಗ್ಗಿಸಿಕೊಂಡು ಓಡಾಡಿದ. ಕೆಲಸ ಹೇಳಿದರೆ ನಿಧಾನವಾಗಿ ಏಳುತ್ತಾನೆ. ಅವನ ಚಿತ್ರದ ಕೆಳಗೆ ದುಃಖ ಎಂಬರ್ಥದ ಪದ ಬಂದು ನಿಂತಿತ್ತು. ನಾವು ಮಕ್ಕಳಾಗಿದ್ದಾಗ ಆಡಿದ ಹಾವು-ಏಣಿಯಲ್ಲಿ ಹೀಗಿರಲಿಲ್ಲ. ಅದರ ಹಳೆಯ ಪಟಗಳಲ್ಲಿ ಏಣಿಗೆ ಪುಣ್ಯದ ಹೆಸರು, ಹಾವಿಗೆ ಪಾಪದ ಹೆಸರು ಬರೆದಿರುತ್ತಿದ್ದರು. ಆದರೆ ಏರುವುದೂ ಇಳಿಯುವುದೂ ದಾಳದ ಕೈಯಲ್ಲಿ. ನಾವು ಯಾರ ಮನೆಯನ್ನೂ ದೋಚಬೇಕಾಗಿರಲಿಲ್ಲ.

ಮಗ ಲ್ಯಾಪ್‌ಟಾಪು ಮುಚ್ಚಿದ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ಆ ಮುದುಕ ಬೇಡ್ಕೊಂಡಾಗ ನನಗ ಬಾಜೂ ಮನಿ ಆಯಿ ನೆನಪಾದ್ರು."

"ಯಾಕ?"

"ಇದೇ ಕಡೀ ಟ್ರಿಪ್ ಅಂತ ಡ್ರೈವರ್ ಅಂದದ್ದು ಅವತ್ತ ನನಗೂ ಕೇಳ್ಸಿತ್ತಲ್ಲವಾ."

ನನ್ನ ಕೈಯೊಳಗಿನ ಕರ್ಚಿಕಾಯಿ ಒಡೆದು ಹೂರಣ ತಟ್ಟೆಗೆ ಬಿತ್ತು.

2020ರ ಅಕ್ಟೋಬರ್ ನಿಮಗೆ ನೆನಪಿರಬಹುದು. ಒಂದು ಕಡೆ ಕೊರೋನಾ, ಇನ್ನೊಂದು ಕಡೆ ಮಳೆ. ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ಬಿಟ್ಟ ನೀರು, ಹಳ್ಳಕೊಳ್ಳಗಳ ನೀರು ಎಲ್ಲ ಕೂಡಿ ಭೀಮೆ ಲಕ್ಷಗಟ್ಟಲೆ ಕ್ಯೂಸೆಕ್ ಲೆಕ್ಕದಲ್ಲಿ ಬಂದಳು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರು, ನಾವು ತುಂಬುವ ಎರಡು ಕೊಡ. ಒಂದು ಸೆಕೆಂಡಿನಲ್ಲಿ ಲಕ್ಷಗಟ್ಟಲೆ ಜೋಡಿ ಕೊಡ ನೀರು ಊರ ಮಗ್ಗುಲಲ್ಲಿ ಹರಿಯುವುದನ್ನು ಊಹಿಸಿಕೊಳ್ಳಿ. ನಮ್ಮ ಓಣಿ ತಗ್ಗಿನಲ್ಲಿದೆ. ಖಾಲಿ ಮಾಡಿರೆಂದು ಮೈಕಿನಲ್ಲಿ ಸಾರಿದರು.

ನಮ್ಮ ಯಜಮಾನರು ಒಂದು ಟ್ರಾಕ್ಟರ್ ಗೊತ್ತು ಮಾಡಿ ತಂದರು. ಟ್ರಾಲಿಯಲ್ಲಿ ಹಾಸಿಗೆ ಹಾಸಿ, ನಡೆಯಲಾಗದ ನಮ್ಮ ಅತ್ತೆಯವರನ್ನು ಮಲಗಿಸಿದೆವು. ಮೂರು ಚೀಲ ಜೋಳ, ಒಂದು ಚೀಲ ತೊಗರಿ, ಟ್ರಂಕು, ಪಾತ್ರೆಯ ಗಂಟು, ನನ್ನ ಹೊಲಿಗೆ ಯಂತ್ರ. ಆಗ ಹದಿನಾಲ್ಕು ವರ್ಷದವನಾಗಿದ್ದ ಮಗ ಜೋಳದ ಚೀಲದ ಮೇಲೆ ಕೂತಿದ್ದ. ಡ್ರೈವರ್ ಇವರಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿತು: "ಇದೇ ಕಡೀ ಟ್ರಿಪ್ಪರಿ. ರಸ್ತಾದ ಮ್ಯಾಲ ನೀರು ಬಂದದ, ನಾ ಮತ್ತ ಬರಂಗಿಲ್ಲ."

ಅಷ್ಟರಲ್ಲಿ ಬಾಜೂ ಮನೆಯ ಆಯಿ ಬಾಗಿಲಿಗೆ ಬಂದರು. ಒಬ್ಬರೇ ಇರುವವರು. ಕೈಯಲ್ಲಿ ಎರಡು ಆಡಿನ ಹಗ್ಗ. ಆ ಆಡಿನ ಹಾಲು ಮಾರಿ, ಮರಿ ಮಾರಿ ಅವರ ಜೀವನ ನಡೆಯುತ್ತಿತ್ತು.

"ನನಗೂ ಒಂದೀಟು ಜಾಗ ಅದ ಏನವಾ?" ಅಂದರು.

ಜಾಗವಿತ್ತೋ ಇಲ್ಲವೋ? ಇದನ್ನು ಐದು ವರ್ಷದಿಂದ ಅಳೆಯುತ್ತಿದ್ದೇನೆ. ಇದ್ದ ಹಾಗೆ ಇರಲಿಲ್ಲ. ಹೊಲಿಗೆ ಯಂತ್ರ, ಒಂದು ಚೀಲ ಜೋಳ ಇಳಿಸಿದ್ದರೆ ಆಯಿಗಾಗುತ್ತಿತ್ತು. ಇನ್ನೊಂದು ಚೀಲ ಇಳಿಸಿದ್ದರೆ ಆಡುಗಳಿಗೂ ಆಗುತ್ತಿತ್ತು. ಜೋಳದ ಚೀಲವೆಂದರೆ ಮುಂದಿನ ಸುಗ್ಗಿಯವರೆಗಿನ ರೊಟ್ಟಿ. ಕೊರೋನಾದಲ್ಲಿ ಇವರ ದುಡಿಮೆ ನಿಂತಾಗ ಮನೆ ನಡೆಸಿದ್ದು ನನ್ನ ಹೊಲಿಗೆ ಯಂತ್ರ. ಇವೆಲ್ಲ ನೆವಗಳಲ್ಲ, ನಿಜ. ಆದರೂ ನಾನು ಆಯಿಗೆ ಹೇಳಿದ್ದು ಇವುಗಳಲ್ಲಿ ಒಂದನ್ನೂ ಅಲ್ಲ.

"ಮುಂದಿನ ಟ್ರಿಪ್ಪಿಗೆ ಬರ್ರಿ ಆಯಿ. ಟ್ರಾಕ್ಟರ್ ಮತ್ತ ಬರ್ತದ" ಅಂದೆ.

ಆಯಿ ಸರಿ ಎಂದು ತಲೆಯಾಡಿಸಿ ಕಟ್ಟೆಯ ಮೇಲೆ ಕೂತರು. ಸಂಜೆ ಓಣಿಯ ನಾಲ್ಕು ಹುಡುಗರು ಎದೆಮಟ್ಟದ ನೀರಿನಲ್ಲಿ ಹೋಗಿ ಅವರನ್ನು ಹೆಗಲ ಮೇಲೆ ಹೊತ್ತು ತಂದರು. ಆಡುಗಳನ್ನು ತರಲಾಗಲಿಲ್ಲ. ಎಲ್ಲಿಯಾದರೂ ಈಜಿ ಬದುಕಲೆಂದು ಹಗ್ಗ ಬಿಚ್ಚಿ ಬಿಟ್ಟರಂತೆ. ಎರಡೂ ಸಿಗಲಿಲ್ಲ.

ಆಮೇಲೆ ನಾನು ಆಯಿಗೆ ಬಹಳ ಮಾಡಿದೆ, ಸಹೋದರಿಯರೇ. ಹಬ್ಬಕ್ಕೆ ಹೋಳಿಗೆ ಕೊಟ್ಟೆ, ಕುಪ್ಪಸ ಹೊಲಿದು ಕೊಟ್ಟೆ, ಕೂಲಿ ತೆಗೆದುಕೊಳ್ಳಲಿಲ್ಲ. ಓಣಿಯವರು ಹೊಗಳಿದರು. ಹೊಗಳಿದಷ್ಟೂ ಒಳಗೆ ಚುಚ್ಚುತ್ತಿತ್ತು. ಆದರೆ 2025ರ ಸೆಪ್ಟೆಂಬರಿನಲ್ಲಿ ಭೀಮೆ ಮತ್ತೆ ಉಕ್ಕಿದಾಗ ಒಂದು ಸಂಗತಿ ನಡೆಯಿತು. ಇನ್ನೂ ಮೈಕ್ ಕೂಗುವ ಮೊದಲೇ, ಯಾರನ್ನೂ ಒಂದು ಮಾತು ಕೇಳದೆ, ಆಯಿ ಗಂಟು ಕಟ್ಟಿಕೊಂಡು ನಡೆದು ಹೋಗಿಬಿಟ್ಟಿದ್ದರು. ನಾನು ಹೋಗಿ ನೋಡಿದರೆ ಬಾಗಿಲಿಗೆ ಬೀಗ. ವಯಸ್ಸಾದವರಿಗೆ ಹೆದರಿಕೆ ಹೆಚ್ಚು ಎಂದು ನಾನೇ ಅಂದುಕೊಂಡೆ.

ದೀಪಾವಳಿ ಪಾಡ್ಯದ ದಿನ ಮಗ ಆಟವನ್ನು ಮೊದಲಿನಿಂದ ಹಿಡಿದ. ಈ ಸಲ ಮುದುಕನ ಮನೆಯ ಕಪಾಟು ಮುಟ್ಟುವುದಿಲ್ಲ ಎಂದು ಹಟ. ನಾನು ಬಾಯಿ ಬಿಡಲಿಲ್ಲ. ಒಂದು ದಿನ ಬಾಗಿಲು ಬಡಿದ ಸದ್ದು. ಇಬ್ಬರು ಮಕ್ಕಳು, ತಾಯಿಗೆ ಹುಷಾರಿಲ್ಲ, ಔಷಧಿ ಕೊಡಿ ಎಂದು. ಇದ್ದ ಔಷಧಿಯನ್ನು ಕೊಟ್ಟ. ಆ ಮೇಲೆ ಕಾತ್ಯಾಗೆ ಜ್ವರ ಬಂತು, ಏರಿತು, ಅವಳು ಸತ್ತೇಹೋದಳು. ಬ್ರೂನೋ, ಪಾವ್ಲೆ ಇಬ್ಬರೂ ಕುಸಿದು ಕೂತರು. ಒಳ್ಳೆಯದು ಮಾಡಿದ್ದಕ್ಕೆ ಆಟ ಅವನಿಗೆ ಕೊಟ್ಟದ್ದು ಇದು!

"ಹಂಗಾದ್ರ ಸರಿ ಉತ್ತರ ಯಾವ್ದೋ?" ಎಂದು ಕೇಳಿದೆ.

ಅವನು ನಕ್ಕ. ಇಂಥ ಆಟ ಮಾಡುವವರಿಗೆ ಅದೇ ಬೇಕಂತೆ. 1985ರಲ್ಲೇ ಅಮೆರಿಕದ ರಿಚರ್ಡ್ ಗ್ಯಾರಿಯಟ್ ಎಂಬವರು ಅಲ್ಟಿಮಾ ಸರಣಿಯ ನಾಲ್ಕನೆಯ ಆಟ ಮಾಡಿದರು. ರಾಕ್ಷಸನನ್ನು ಕೊಂದರೆ ಅದರಲ್ಲಿ ಗೆಲುವಲ್ಲ. ಸತ್ಯ, ಕರುಣೆ, ನ್ಯಾಯ, ತ್ಯಾಗ, ವಿನಯ ಹೀಗೆ ಎಂಟು ಗುಣಗಳನ್ನು ಗಳಿಸಿ 'ಅವತಾರ' ಆಗಬೇಕು. ನಮ್ಮದೇ ಪದ! ಆಟದ ಆರಂಭಕ್ಕೆ ಕಣಿ ಹೇಳುವ ಹೆಂಗಸೊಬ್ಬಳು ಪ್ರಶ್ನೆ ಹಾಕುತ್ತಾಳೆ. ಒಬ್ಬರು ನಂಬಿ ನಿಮ್ಮ ಕೈಗೆ ಹಣದ ಚೀಲ ಕೊಟ್ಟಿದ್ದಾರೆ, ಇನ್ನೊಬ್ಬರಿಗೆ ಮುಟ್ಟಿಸಬೇಕು. ದಾರಿಯಲ್ಲಿ ಒಬ್ಬ ಬಡವ ಕೈಯೊಡ್ಡುತ್ತಾನೆ. ಒಂದು ನಾಣ್ಯ ತೆಗೆದರೆ ಯಾರಿಗೂ ತಿಳಿಯದು. ಕೊಟ್ಟರೆ ಕರುಣೆ, ಕೊಡದಿದ್ದರೆ ಸತ್ಯ. ಮಹಿಳಾ ಸಂಘದ ಹಣ ಹಿಡಿದು ಬ್ಯಾಂಕಿಗೆ ಹೋದ ನಿಮಗೆ ಈ ಪ್ರಶ್ನೆಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಆಟದಲ್ಲಿ ಗಿಡಮೂಲಿಕೆ ಮಾರುವ, ಕಣ್ಣು ಕಾಣದ ಒಬ್ಬ ಹೆಂಗಸಿದ್ದಾಳಂತೆ. ಹಣ ನೀವೇ ಎಣಿಸಿ ಕೊಡಬೇಕು. ಕಡಿಮೆ ಕೊಟ್ಟರೂ ಅವಳು ತೆಗೆದುಕೊಳ್ಳುತ್ತಾಳೆ. ಮೋಸ ಮಾಡಿದೆ ಎಂದು ಯಾರೂ ಹೇಳುವುದಿಲ್ಲ. ಆದರೆ ಆಟ ಒಳಗೊಳಗೇ ಬರೆದಿಟ್ಟುಕೊಳ್ಳುತ್ತದೆ, ಬಹಳ ಮುಂದೆ ಹೋದ ಮೇಲೆ ಸತ್ಯದ ಬಾಗಿಲು ತೆರೆಯುವುದಿಲ್ಲ. ಇದನ್ನು ಕೇಳಿದಾಗ, ಸಂತೆಯಲ್ಲಿ ಚಿಲ್ಲರೆ ಹೆಚ್ಚು ಬಂದರೆ ಸುಮ್ಮನೆ ಸೆರಗಿಗೆ ಕಟ್ಟಿಕೊಂಡ ದಿನಗಳು ನನಗೆ ನೆನಪಾದವು ಎಂದರೆ ನೀವು ನಗಬೇಡಿ.

ಈಚಿನವು ಇನ್ನೂ ಗೋಜಲು. ಪೋಲೆಂಡಿನವರದೇ ಇನ್ನೊಂದು ಆಟ, 2015ರ 'ದಿ ವಿಚರ್ 3'. ಮರದ ಬುಡದಲ್ಲಿ ಒಂದು ಪ್ರೇತ ಸೆರೆಯಾಗಿದೆ. ಬಿಡಿಸಿದರೆ ಅನಾಥ ಮಕ್ಕಳು ಉಳಿಯುತ್ತಾರೆ, ಆದರೆ ಅದು ಒಂದು ಹಳ್ಳಿಯನ್ನೇ ಬಲಿ ತೆಗೆದುಕೊಳ್ಳುತ್ತದೆ. ಕೊಂದರೆ ಹಳ್ಳಿ ಉಳಿಯುತ್ತದೆ, ಮಕ್ಕಳು ಹೋಗುತ್ತಾರೆ. ಇದು ತಿಳಿಯುವುದೂ ಆರಿಸಿದ ಮೇಲೆ. ಮಗನ ಗೆಳೆಯನೊಬ್ಬ ಇದನ್ನಾಡಿ ಎರಡು ದಿನ ಊಟ ಬಿಟ್ಟಿದ್ದನಂತೆ. ಅತಿಯಾಯಿತು ಎನಿಸಿತು. ಆದರೆ ಶಾಲೆಯಲ್ಲಿ ರನ್ನನ ಗದಾಯುದ್ಧದ ಪಾಠ ಓದಿದಾಗ, ಭೀಮನ ಗೆಲುವಿನ ಕಾವ್ಯದಲ್ಲಿ ದುರ್ಯೋಧನನಿಗಾಗಿ ಅತ್ತವಳು ನಾನು. ಹಾಗಾಗಿ ಬಯ್ಯಲು ಹೋಗಲಿಲ್ಲ.

ಮಗ ಹೊರಡುವ ದಿನ ಬಸ್‌ಸ್ಟ್ಯಾಂಡಿನಲ್ಲಿ ನಾನೇ ತೆಗೆದೆ. "ಅವತ್ತ ಕೇಳ್ಸಿತ್ತಂದ್ರ ಇಷ್ಟು ವರ್ಷ ಯಾಕ ಸುಮ್ಮಿದ್ದಿ?"

"ನೀ ಚೀಲ ಇಳಿಸಿದ್ರ ನಾನೂ ಇಳೀಬೇಕಾಗ್ತಿತ್ತೇನೋ ಅಂತ ನಾನೂ ಸುಮ್ಮ ಕುಂತಿದ್ದೆ" ಅಂದ. ಬಸ್ಸು ಬಂತು.

ಹದಿನಾಲ್ಕು ವರ್ಷದ ಹುಡುಗನೂ ನನ್ನ ಜೊತೆ ಅದನ್ನು ಹೊತ್ತಿದ್ದನೆಂದು ನನಗೆ ಗೊತ್ತೇ ಇರಲಿಲ್ಲ. ಅವತ್ತೇ ನಿಶ್ಚಯ ಮಾಡಿದೆ. ಆದರೂ ಆಯಿಯ ಹೊಸ್ತಿಲು ತುಳಿಯಲು ಎರಡು ತಿಂಗಳು ಬೇಕಾಯಿತು.

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ಮೇಲೆ, ಡಬ್ಬಿಯಲ್ಲಿ ಭಜ್ಜಿ, ಸಜ್ಜಿ ರೊಟ್ಟಿ, ನಾಲ್ಕು ಕಡಬು ಇಟ್ಟುಕೊಂಡು ಹೋದೆ. ಆಯಿ ಬಿಸಿಲಿಗೆ ಕೂತಿದ್ದರು. ಹೇಗೆ ಶುರು ಮಾಡಬೇಕೆಂದು ದಾರಿಯಲ್ಲಿ ಯೋಚಿಸಿದ್ದೆಲ್ಲ ಮರೆತುಹೋಯಿತು. "ಆಯಿ, ಮಹಾಪೂರದ ದಿನ ಟ್ರಾಕ್ಟರ್ ಮತ್ತ ಬರಂಗಿಲ್ಲಂತ ನನಗ ಗೊತ್ತಿತ್ತರಿ" ಎಂದುಬಿಟ್ಟೆ.

ಆಯಿ ನನ್ನ ಮುಖ ನೋಡಿದರು. "ಗೊತ್ತದ ಬಿಡವಾ. ಆ ಡ್ರೈವರ್ ಮರುದಿನಾನೇ ಹೇಳ್ದ, ತಪ್ಪು ತನ್ನ ಮ್ಯಾಲ ಬರಬಾರದಂತ."

ಐದು ವರ್ಷ! ಕುಪ್ಪಸ ತೆಗೆದುಕೊಂಡಿದ್ದರು, ಹೋಳಿಗೆ ತೆಗೆದುಕೊಂಡಿದ್ದರು, ನಗುತ್ತ ಮಾತಾಡಿದ್ದರು. ನಾನು ಅಳತೊಡಗಿದೆ. ನಿಮ್ಮನ್ನು ಬಿಟ್ಟು ಜೋಳ ಹೇರಿಕೊಂಡು ಹೋದೆನಲ್ಲ ಆಯಿ ಎಂದೆ.

"ಜ್ವಾಳ ಬಿಡ್ಲಾಕ ಆಗ್ತದೇನು? ಮಕ್ಕಳು ಏನ್ ತಿನ್ಬೇಕು? ಅದಕ್ಕ ನನಗ ಸಿಟ್ಟಿಲ್ಲ" ಅಂದರು ಆಯಿ. ಆಮೇಲೆ ಸ್ವಲ್ಪ ತಡೆದು, "ಜಾಗ ಇಲ್ಲ ಆಯಿ ಅಂದಿದ್ರ ನಾ ಆಗಲೇ ಆಡು ಹೊಡ್ಕೊಂಡು ನಡ್ಕೋ‌ತ ಹೋಗ್ತಿದ್ದೆ. ನೀರು ಆಗಿನ್ನೂ ಮೊಣಕಾಲಿಗಿತ್ತು. ಬರ್ತದಂದಿ ನೀ. ಅದಕ್ಕ ಕುಂತೆ."

ಎಷ್ಟೋ ರಾತ್ರಿ ನಾನು ಚೀಲ ಇಳಿಸಿ, ಏರಿಸಿ, ಯಂತ್ರ ಇಳಿಸಿ, ಏರಿಸಿ ಲೆಕ್ಕ ಹಾಕಿದ್ದೆ. ಈ ಮಾತು ಒಂದು ದಿನವೂ ನನಗೆ ಹೊಳೆದಿರಲಿಲ್ಲ.

ಆಯಿ ಡಬ್ಬಿಯ ಮುಚ್ಚಳ ತೆಗೆದು ಭಜ್ಜಿ ಬೆರಳಿಗೆ ಹಚ್ಚಿ ರುಚಿ ನೋಡಿದರು. "ಹುಳಿ ಕಮ್ಮಿ ಆಗ್ಯದ" ಎಂದರು. ಒಳಗೆ ಹೋಗಿ ತಮ್ಮ ಗಂಗಾಳಕ್ಕೆ ಸುರಿದುಕೊಂಡು, ಡಬ್ಬಿ ತೊಳೆದು ತಂದರು. ಬರಿ ಡಬ್ಬಿ ತಿರುಗಿ ಕೊಡಬಾರದೆಂದು ಅದರಲ್ಲಿ ಒಂದು ಹಿಡಿ ಜೋಳ ಹಾಕಿದ್ದರು.

ಮಗನಿಗೆ ಇನ್ನೂ ಹೇಳಿಲ್ಲ. ಪರೀಕ್ಷೆ ಮುಗಿಸಿ ಬರಲಿ, ಎದುರಿಗೆ ಕೂಡಿಸಿಕೊಂಡೇ ಹೇಳಬೇಕು.